ನೋಡಿದವರು ಯಾರು?

ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ ಎಂದು ಹತ್ತನೆಯ ತರಗತಿಯ ಹುಡುಗನೊಬ್ಬನಿಗೆ ಹೇಳಿ ನೋಡಿ. ಜಾಣನಾಗಿದ್ದರೆ ತಕ್ಷಣ ಬರೆದುಕೊಳ್ಳುತ್ತಾನೆ. ಇನ್ನೂ ಜಾಣನಾಗಿದ್ದರೆ ಪೆನ್ನು ಕೆಳಗಿಟ್ಟು, ‘ನೋಡಿದವರು ಯಾರು ಸಾರ್?’ ಎಂದು ಕೇಳುತ್ತಾನೆ. ತರಗತಿ ಗೊಳ್ಳೆಂದು ನಗುತ್ತದೆ. ಇದೇ ಪ್ರಶ್ನೆ ಮನೆಯಲ್ಲಿ ಊಟದ ಹೊತ್ತಿಗೆ ಎದ್ದರೆ, ‘ಅದೆಲ್ಲ ಪರೀಕ್ಷೆಗೆ ಬರೋದಿಲ್ಲ, ಮೊದಲು ಊಟ ಮಾಡು’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಆದರೆ ಇದು ಅಧಿಕಪ್ರಸಂಗದ ಪ್ರಶ್ನೆಯಲ್ಲ. ವಿಜ್ಞಾನದ ಜೀವ ಇರುವುದೇ ಇಂಥ ಪ್ರಶ್ನೆಗಳಲ್ಲಿ. ಪಠ್ಯಪುಸ್ತಕದಲ್ಲಿ ಅಚ್ಚಾಗಿದೆ ಎಂದಾಗಲಿ, ದೊಡ್ಡವರು ಹೇಳಿದ್ದಾರೆ ಎಂದಾಗಲಿ ಒಂದು ಮಾತು ನಿಜವಾಗುವುದಿಲ್ಲ. ಕಳ್ಳ ಮನೆಗೆ ನುಗ್ಗಿದ್ದನ್ನು ಕಣ್ಣಾರೆ ಕಂಡವರು ಇಲ್ಲದಿದ್ದರೂ ನ್ಯಾಯಾಲಯ ತೀರ್ಪು ಕೊಡುತ್ತದೆ. ಬೆರಳಚ್ಚು ಒಂದು ಕಥೆ ಹೇಳುತ್ತದೆ, ಹೆಜ್ಜೆಗುರುತು ಒಂದು ಕಥೆ ಹೇಳುತ್ತದೆ, ಗಿರವಿ ಅಂಗಡಿಯ ರಸೀತಿ ಇನ್ನೊಂದು ಕಥೆ ಹೇಳುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಈ ಸಾಕ್ಷಿಗಳೆಲ್ಲ ಒಂದೇ ಕಥೆಯನ್ನು ಹೇಳಿದರೆ, ಪಾಟಿ ಸವಾಲಿಗೂ ಜಗ್ಗದಿದ್ದರೆ, ಆಗ ನ್ಯಾಯಾಧೀಶರು ಒಪ್ಪುತ್ತಾರೆ. ವಿಶ್ವಕ್ಕೆ ಒಂದು ಆದಿ ಇತ್ತು ಎಂಬ ಮಾತನ್ನು ವಿಜ್ಞಾನಿಗಳು ಒಪ್ಪಿದ್ದೂ ಹೀಗೆಯೇ. ಅದೂ ಸುಲಭವಾಗಿ ಒಪ್ಪಲಿಲ್ಲ. ಅರ್ಧ ಶತಮಾನ ಜಗಳವಾಡಿ ಒಪ್ಪಿದರು.

ಮೊದಲ ಸಾಕ್ಷಿ: ಕೆಂಪಿಗೆ ಸರಿದ ಗೆರೆಗಳು

ನಕ್ಷತ್ರದ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಬಣ್ಣಗಳ ಪಟ್ಟಿ ಮೂಡುತ್ತದೆ. ಇದೇ ರೋಹಿತ. ಈ ಪಟ್ಟಿಯಲ್ಲಿ ಅಲ್ಲಲ್ಲಿ ಕಪ್ಪು ಗೆರೆಗಳಿರುತ್ತವೆ. ಜಲಜನಕಕ್ಕೆ ಅದರದೇ ಗೆರೆಗಳು, ಕ್ಯಾಲ್ಸಿಯಂಗೆ ಅದರದೇ ಗೆರೆಗಳು. ಬೆರಳಚ್ಚಿನ ಹಾಗೆ ಒಂದರಂತೆ ಇನ್ನೊಂದಿಲ್ಲ. ಬೆಳಕಿನ ಆಕರ ನಮ್ಮಿಂದ ದೂರ ಸರಿಯುತ್ತಿದ್ದರೆ ಈ ಗೆರೆಗಳು ತಮ್ಮ ಸ್ಥಾನ ಬಿಟ್ಟು ಕೆಂಪು ಬಣ್ಣದ ಕಡೆಗೆ ಸರಿಯುತ್ತವೆ. ಹತ್ತಿರ ಬರುತ್ತಿದ್ದರೆ ನೀಲಿಯ ಕಡೆಗೆ. ನಿಲ್ದಾಣವನ್ನು ದಾಟಿ ಹೋಗುವ ರೈಲಿನ ಕೂಗು ಬರುವಾಗ ಕೀರಲಾಗಿ, ಹೋಗುವಾಗ ದಪ್ಪವಾಗಿ ಕೇಳುವುದು ಎಲ್ಲರಿಗೂ ಗೊತ್ತು. ಬೆಳಕಿನ ವಿಷಯದಲ್ಲೂ ಹಾಗೆಯೇ.

ಅಮೆರಿಕದ ಅರಿಜೋನದಲ್ಲಿರುವ ಲೊವೆಲ್ ವೀಕ್ಷಣಾಲಯದ ವೆಸ್ಟೊ ಸ್ಲಿಫರ್ ಎಂಬಾತ 1912ರಲ್ಲಿ ಆಂಡ್ರೊಮಿಡ ನೀಹಾರಿಕೆಯ ರೋಹಿತವನ್ನು ಅಳೆದ. ಅದು ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೇ ಬರುತ್ತಿತ್ತು. ಮುಂದಿನ ಕೆಲವು ವರ್ಷಗಳಲ್ಲಿ ಅವನು ಬೇರೆ ಸುರುಳಿ ನೀಹಾರಿಕೆಗಳನ್ನೂ ಅಳೆದಾಗ ಸೋಜಿಗ ಕಾದಿತ್ತು. ಬಹುಪಾಲು ನೀಹಾರಿಕೆಗಳು ದೂರ ದೂರಕ್ಕೆ ಓಡುತ್ತಿದ್ದವು. ಏಕೆ ಎಂದು ಯಾರಿಗೂ ತಿಳಿಯಲಿಲ್ಲ. ಅವು ಎಷ್ಟು ದೂರದಲ್ಲಿವೆ ಎಂಬುದೂ ಆಗ ಗೊತ್ತಿರಲಿಲ್ಲ.

ದೂರವನ್ನು ಅಳೆಯುವ ಕೋಲನ್ನು ಒದಗಿಸಿದವರು ಹಾರ್ವರ್ಡ್ ವೀಕ್ಷಣಾಲಯದ ಹೆನ್ರಿಯೆಟ ಲೆವಿಟ್ ಎಂಬ ಮಹಿಳೆ. ಆ ಕಾಲದಲ್ಲಿ ಮಹಿಳೆಯರಿಗೆ ಅಲ್ಲಿ ದೂರದರ್ಶಕ ಮುಟ್ಟುವ ಅವಕಾಶವಿರಲಿಲ್ಲ. ಗಾಜಿನ ಫಲಕಗಳ ಮೇಲೆ ಮೂಡಿದ ನಕ್ಷತ್ರಗಳ ಚುಕ್ಕೆಗಳನ್ನು ನೋಡಿ ಲೆಕ್ಕ ಬರೆಯುವುದಷ್ಟೇ ಅವರ ಕೆಲಸ. ಗಂಟೆಗೆ 30 ಸೆಂಟ್ ಕೂಲಿ. ಕಿವಿ ಮಂದವಾಗಿದ್ದ ಲೆವಿಟ್ ಅವರ ಕಣ್ಣು ಮಾತ್ರ ಬಹಳ ಚುರುಕು. ಸೆಫೀಡ್ ಎಂಬ ಬಗೆಯ ನಕ್ಷತ್ರಗಳು ಕ್ರಮಬದ್ಧವಾಗಿ ಮಂಕಾಗಿ ಮತ್ತೆ ಬೆಳಗುತ್ತವೆ. ಹೆಚ್ಚು ಪ್ರಕಾಶದ ಸೆಫೀಡ್ ನಿಧಾನವಾಗಿ, ಕಡಿಮೆ ಪ್ರಕಾಶದ್ದು ಬೇಗ ಬೇಗ ಮಿನುಗುತ್ತದೆ ಎಂಬುದನ್ನು ಅವರು ಕಂಡುಹಿಡಿದು 1912ರಲ್ಲಿ ಲೆಕ್ಕಸಹಿತ ತೋರಿಸಿದರು. ದೂರದ ಬೀದಿಯಲ್ಲಿ ಉರಿಯುವ ಬಲ್ಬು 60 ವಾಟಿನದೆಂದು ಗೊತ್ತಿದ್ದರೆ, ಅದು ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದ ಅದರ ದೂರವನ್ನು ಲೆಕ್ಕ ಹಾಕಬಹುದಲ್ಲವೆ? ಸೆಫೀಡ್ ನಕ್ಷತ್ರದ ಮಿನುಗು ಅದರ ವಾಟನ್ನು ಹೇಳಿಬಿಡುತ್ತದೆ.

ಈ ಕೋಲನ್ನು ಹಿಡಿದವನು ಎಡ್ವಿನ್ ಹಬಲ್. ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ ಬೆಟ್ಟದ ಮೇಲಿನ 100 ಅಂಗುಲದ ದೂರದರ್ಶಕದಿಂದ 1923ರ ಅಕ್ಟೋಬರಿನಲ್ಲಿ ಆಂಡ್ರೊಮಿಡದಲ್ಲಿ ಒಂದು ಸೆಫೀಡನ್ನು ಗುರುತಿಸಿದ. ಲೆಕ್ಕ ಹಾಕಿದರೆ, ಅದು ನಮ್ಮ ಆಕಾಶಗಂಗೆಯ ಆಚೆ ಎಲ್ಲೋ ದೂರದಲ್ಲಿರುವ ಮತ್ತೊಂದು ನಕ್ಷತ್ರನಗರಿ, ಮತ್ತೊಂದು ಗೆಲಾಕ್ಸಿ! 1929ರ ಹೊತ್ತಿಗೆ ಅವನು ಹಲವು ಗೆಲಾಕ್ಸಿಗಳ ದೂರವನ್ನು ಅವುಗಳ ವೇಗದ ಎದುರಿಗೆ ಇಟ್ಟು ನೋಡಿದ. ಎರಡು ಪಟ್ಟು ದೂರದ್ದು ಎರಡು ಪಟ್ಟು ವೇಗದಲ್ಲಿ, ಮೂರು ಪಟ್ಟು ದೂರದ್ದು ಮೂರು ಪಟ್ಟು ವೇಗದಲ್ಲಿ ಹಿಂದೆ ಸರಿಯುತ್ತಿತ್ತು.

ಹಬಲನ ಜೊತೆ ದುಡಿದ ಮಿಲ್ಟನ್ ಹ್ಯೂಮಸನ್ನನ ಹೆಸರನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಹದಿನಾಲ್ಕನೆಯ ವಯಸ್ಸಿಗೇ ಶಾಲೆ ಬಿಟ್ಟವನು. ವೀಕ್ಷಣಾಲಯ ಕಟ್ಟುವಾಗ ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಬೆಟ್ಟ ಹತ್ತುತ್ತಿದ್ದ. ಆಮೇಲೆ ಅಲ್ಲಿಯೇ ಕಸ ಗುಡಿಸುವ ಕೆಲಸಕ್ಕೆ ಸೇರಿದ, ರಾತ್ರಿ ಸಹಾಯಕನಾದ, ಕೊನೆಗೆ ಖಗೋಳ ವಿಜ್ಞಾನಿಯೇ ಆದ. ಅತಿ ಮಂಕಾದ ಗೆಲಾಕ್ಸಿಗಳ ರೋಹಿತವನ್ನು ಹಲವು ರಾತ್ರಿ ಕಾದು ಕುಳಿತು ಹಿಡಿಯುವುದರಲ್ಲಿ ಅವನಿಗೆ ಸಮನಾದವರು ಆಗ ವಿರಳ.

ಎಲಾಸ್ಟಿಕ್ ಪಟ್ಟಿಯ ಪಾಠ

ಎಲ್ಲ ಗೆಲಾಕ್ಸಿಗಳೂ ನಮ್ಮಿಂದ ದೂರ ಓಡುತ್ತಿದ್ದರೆ ನಾವೇ ವಿಶ್ವದ ಕೇಂದ್ರವೆ? ಅಲ್ಲ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬಟ್ಟೆಗೆ ಹಾಕುವ ಅಗಲವಾದ ಎಲಾಸ್ಟಿಕ್ ಪಟ್ಟಿಯೊಂದನ್ನು ತೆಗೆದುಕೊಂಡು ಒಂದೊಂದು ಸೆಂಟಿಮೀಟರಿಗೆ ಒಂದೊಂದು ಚುಕ್ಕೆ ಇಡಿ. ತಮ್ಮನೋ ತಂಗಿಯೋ ಒಂದು ತುದಿ ಹಿಡಿದುಕೊಳ್ಳಲಿ. ಪಟ್ಟಿಯನ್ನು ಎರಡರಷ್ಟು ಉದ್ದಕ್ಕೆ ಎಳೆಯಿರಿ. ಯಾವುದಾದರೂ ಒಂದು ಚುಕ್ಕೆಯನ್ನು ನಿಮ್ಮ ಮನೆ ಎಂದುಕೊಳ್ಳಿ. ಒಂದು ಸೆಂಟಿಮೀಟರ್ ದೂರವಿದ್ದ ಚುಕ್ಕೆ ಈಗ ಎರಡಕ್ಕೆ ಹೋಗಿದೆ, ಎಂದರೆ ಒಂದು ಸೆಂಟಿಮೀಟರ್ ಸರಿದಿದೆ. ಮೂರು ಸೆಂಟಿಮೀಟರ್ ದೂರವಿದ್ದದ್ದು ಆರಕ್ಕೆ ಹೋಗಿದೆ, ಎಂದರೆ ಅಷ್ಟೇ ಹೊತ್ತಿನಲ್ಲಿ ಮೂರು ಸೆಂಟಿಮೀಟರ್ ಸರಿದಿದೆ. ಹೆಚ್ಚು ದೂರ, ಹೆಚ್ಚು ವೇಗ. ಈಗ ಬೇರೆ ಚುಕ್ಕೆಯನ್ನು ಮನೆ ಮಾಡಿಕೊಳ್ಳಿ. ಅಲ್ಲಿಂದಲೂ ಅದೇ ನೋಟ. ಯಾವ ಚುಕ್ಕೆಯೂ ಕೇಂದ್ರವಲ್ಲ. ಚುಕ್ಕೆಗಳು ಪಟ್ಟಿಯ ಮೇಲೆ ಓಡಲಿಲ್ಲ, ಪಟ್ಟಿಯೇ ಹಿಗ್ಗಿತು. ವಿಶ್ವದಲ್ಲೂ ಹಿಗ್ಗುತ್ತಿರುವುದು ಗೆಲಾಕ್ಸಿಗಳ ನಡುವಿನ ಆಕಾಶವೇ. ಹತ್ತಿರದ ಆಂಡ್ರೊಮಿಡ ಮತ್ತು ನಮ್ಮ ಆಕಾಶಗಂಗೆ ಗುರುತ್ವದ ಸೆಳೆತದಿಂದ ಪರಸ್ಪರ ಹತ್ತಿರವಾಗುತ್ತಿರುವುದು ಒಂದು ಸ್ಥಳೀಯ ವ್ಯವಹಾರ ಅಷ್ಟೆ.

ಹಬಲನಿಗಿಂತ ಮೊದಲೇ, 1922ರಲ್ಲಿ ರಷ್ಯದ ಅಲೆಕ್ಸಾಂಡರ್ ಫ್ರೀಡ್‌ಮನ್, 1927ರಲ್ಲಿ ಬೆಲ್ಜಿಯಂನ ಜಾರ್ಜ್ ಲಮೇತ್ರ್ ಇಬ್ಬರೂ ಐನ್‌ಸ್ಟೈನರ ಸಮೀಕರಣಗಳಿಂದ ಇದೇ ತೀರ್ಮಾನಕ್ಕೆ ಬಂದಿದ್ದರು. ಐನ್‌ಸ್ಟೈನರಿಗೆ ಮಾತ್ರ ಅದು ಹಿಡಿಸಲಿಲ್ಲ. ವಿಶ್ವ ಕದಲದೆ ನಿಂತಿದೆ ಎಂದು ನಂಬಿದ್ದ ಅವರು 1917ರಲ್ಲಿ ತಮ್ಮ ಸಮೀಕರಣಕ್ಕೆ ಒಂದು ಹೆಚ್ಚುವರಿ ಪದವನ್ನು ಸೇರಿಸಿ ಅದನ್ನು ನಿಲ್ಲಿಸಿದ್ದರು. 1931ರಲ್ಲಿ ಮೌಂಟ್ ವಿಲ್ಸನ್ನಿಗೆ ಹೋಗಿ ಬಂದ ಮೇಲೆ ಆ ಪಟ್ಟು ಬಿಟ್ಟರು. ಜಗತ್ತಿನ ಅತಿ ದೊಡ್ಡ ವಿಜ್ಞಾನಿಯ ಅಭಿಪ್ರಾಯಕ್ಕಿಂತ ಗಾಜಿನ ಫಲಕದ ಮೇಲಿನ ಒಂದು ಗೆರೆ ಹೆಚ್ಚು ತೂಕದ್ದು!

ಪಾಟಿ ಸವಾಲು

ಮೆಜೆಸ್ಟಿಕ್ ನಿಲ್ದಾಣದಿಂದ ಹೊರಟ ಒಂದು ಬಸ್ಸು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ 60 ಕಿಲೋಮೀಟರ್ ದೂರ ಹೋಗಿದೆ. ಇನ್ನೊಂದು 60ರ ವೇಗದಲ್ಲಿ 120 ಕಿಲೋಮೀಟರ್ ಹೋಗಿದೆ. ಎರಡೂ ಹೊರಟದ್ದು ಎರಡು ಗಂಟೆಯ ಹಿಂದೆ. ಗೆಲಾಕ್ಸಿಗಳ ಲೆಕ್ಕವೂ ಹಾಗೆಯೇ. ದೂರ ಹೆಚ್ಚಿದಷ್ಟೂ ವೇಗ ಹೆಚ್ಚು ಎಂದಾದರೆ, ಹಿಂದಕ್ಕೆ ಲೆಕ್ಕ ಹಾಕಿದಾಗ ಎಲ್ಲವೂ ಒಂದೇ ಕಾಲದಲ್ಲಿ ಒಟ್ಟಿಗಿದ್ದವು ಎಂದಾಗುತ್ತದೆ. 1931ರಲ್ಲಿ ಲಮೇತ್ರ್ ಹೇಳಿದ್ದೂ ಇದನ್ನೇ: ವಿಶ್ವವೆಲ್ಲ ಒಂದು ಆದಿಮ ಪರಮಾಣುವಿನಿಂದ ಹೊರಟಿತು.

ಆದರೆ ಮೊದಲ ಸಾಕ್ಷಿ ಪಾಟಿ ಸವಾಲಿನಲ್ಲಿ ತೊದಲಿತು. ಹಬಲ್ ಕೊಟ್ಟ ಅಂಕಿಗಳ ಪ್ರಕಾರ ವಿಶ್ವದ ವಯಸ್ಸು ಬರೀ 200 ಕೋಟಿ ವರ್ಷ. ಭೂಮಿಯ ಬಂಡೆಗಳ ವಿಕಿರಣಶೀಲತೆಯನ್ನು ಅಳೆದವರು ಭೂಮಿಗೇ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ ಎನ್ನುತ್ತಿದ್ದರು. ಮಗಳು ತಾಯಿಗಿಂತ ಹಿರಿಯಳಾಗಲು ಸಾಧ್ಯವೆ?

ಬ್ರಿಟನ್ನಿನ ಫ್ರೆಡ್ ಹಾಯ್ಲ್, ಹರ್ಮನ್ ಬಾಂಡಿ ಮತ್ತು ಥಾಮಸ್ ಗೋಲ್ಡ್ 1948ರಲ್ಲಿ ಬೇರೊಂದು ಸಿದ್ಧಾಂತ ಮುಂದಿಟ್ಟರು. ವಿಶ್ವ ಹಿಗ್ಗುತ್ತಿರುವುದು ನಿಜ. ಆದರೆ ತೆರವಾದ ಜಾಗದಲ್ಲಿ ಸ್ವಲ್ಪ ಸ್ವಲ್ಪವೇ ಹೊಸ ದ್ರವ್ಯ ಹುಟ್ಟುತ್ತಿರುವುದರಿಂದ ಅದು ಎಂದೆಂದಿಗೂ ಒಂದೇ ತೆರನಾಗಿರುತ್ತದೆ. ಅದಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ ಎಂದರು. ಇದು ಸ್ಥಿರಸ್ಥಿತಿ ಸಿದ್ಧಾಂತ. 1949ರ ಮಾರ್ಚಿನಲ್ಲಿ ಬಿಬಿಸಿ ರೇಡಿಯೊದಲ್ಲಿ ಮಾತನಾಡುತ್ತ ಹಾಯ್ಲ್ ಎದುರಾಳಿಗಳ ಸಿದ್ಧಾಂತವನ್ನು ‘ಬಿಗ್ ಬ್ಯಾಂಗ್’ ಎಂದು ಕರೆದ. ಮಹಾಸ್ಫೋಟ ಎಂಬ ಹೆಸರು ಹೀಗೆ ವಿರೋಧಿಯ ಬಾಯಿಂದಲೇ ಬಂತು.

ಇತ್ತ 1952ರಲ್ಲಿ ವಾಲ್ಟರ್ ಬಾಡೆ ಸೆಫೀಡುಗಳಲ್ಲಿ ಎರಡು ಬಗೆ ಇವೆ, ಹಬಲ್ ಅವುಗಳನ್ನು ಒಂದೇ ಎಂದು ಎಣಿಸಿದ್ದ ಎಂದು ತೋರಿಸಿಕೊಟ್ಟ. ಒಮ್ಮೆಗೇ ವಿಶ್ವದ ಅಳತೆ ಇಮ್ಮಡಿಯಾಯಿತು, ವಯಸ್ಸೂ ಇಮ್ಮಡಿಯಾಯಿತು. ಮುಂದೆ ಅಳತೆಗಳು ಇನ್ನೂ ತಿದ್ದುಪಡಿಯಾದವು. ಇಂದಿನ ಲೆಕ್ಕದಲ್ಲಿ, ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ವೇಗ ಸೆಕೆಂಡಿಗೆ ಸುಮಾರು 70 ಕಿಲೋಮೀಟರಿನಷ್ಟು ಹೆಚ್ಚುತ್ತದೆ. ಹಬಲ್ ಹೇಳಿದ್ದು 500. ಈಗ ತಾಯಿಗೆ 1380 ಕೋಟಿ, ಮಗಳಿಗೆ 454 ಕೋಟಿ.

ಎರಡನೆಯ ಸಾಕ್ಷಿ: ಆರದ ಕಾವು

ಒಲೆ ಆರಿದ ಮೇಲೂ ಕಲ್ಲಿನಲ್ಲಿ ಕಾವು ಉಳಿದಿರುತ್ತದೆ. ಆರಂಭದಲ್ಲಿ ವಿಶ್ವ ಕಾದ ಕುಲುಮೆಯಂತಿದ್ದರೆ ಆ ಕಾವಿನ ಶೇಷ ಇಂದೂ ಎಲ್ಲ ಕಡೆ ಹರಡಿರಬೇಕಲ್ಲವೆ? ಜಾರ್ಜ್ ಗ್ಯಾಮೊ ಅವರ ಜೊತೆ ಕೆಲಸ ಮಾಡುತ್ತಿದ್ದ ರಾಲ್ಫ್ ಆಲ್ಫರ್ ಮತ್ತು ರಾಬರ್ಟ್ ಹರ್ಮನ್ ಎಂಬ ಯುವಕರು 1948ರಲ್ಲಿ ಲೆಕ್ಕ ಹಾಕಿ, ಅದು ಸುಮಾರು 5 ಕೆಲ್ವಿನ್ ಇರಬೇಕು ಎಂದರು. ಸೊನ್ನೆ ಕೆಲ್ವಿನ್ ಎಂದರೆ ಮೈನಸ್ 273 ಡಿಗ್ರಿ ಸೆಲ್ಸಿಯಸ್. ಅಂಥ ಅಲ್ಪ ಕಾವನ್ನು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ಲೆಕ್ಕ ಮರೆತೇ ಹೋಯಿತು.

1964ರಲ್ಲಿ ಅಮೆರಿಕದ ನ್ಯೂಜರ್ಸಿಯ ಹೋಮ್‌ಡೆಲ್‌ನಲ್ಲಿ ಬೆಲ್ ಪ್ರಯೋಗಾಲಯದ ಆರ್ನೊ ಪೆನ್ಜಿಯಾಸ್ ಮತ್ತು ರಾಬರ್ಟ್ ವಿಲ್ಸನ್, ಉಪಗ್ರಹ ಸಂಪರ್ಕಕ್ಕೆಂದು ಕಟ್ಟಿದ್ದ ಕಹಳೆಯಾಕಾರದ ದೊಡ್ಡ ಆಂಟೆನಾವನ್ನು ಆಕಾಶ ನೋಡಲು ಸಜ್ಜುಗೊಳಿಸುತ್ತಿದ್ದರು. 7.35 ಸೆಂಟಿಮೀಟರ್ ಅಲೆಯುದ್ದದಲ್ಲಿ ಒಂದು ಗೊರಗೊರ ಸದ್ದು ಬಿಡದೆ ಕಾಡಿತು. ಆಂಟೆನಾವನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಅಷ್ಟೇ. ಹಗಲಾದರೂ ಅಷ್ಟೇ, ಇರುಳಾದರೂ ಅಷ್ಟೇ. ಬೇಸಗೆ ಕಳೆದು ಚಳಿಗಾಲ ಬಂದರೂ ಅಷ್ಟೇ. ನ್ಯೂಯಾರ್ಕ್ ನಗರದ ಗದ್ದಲವೇ? ಅಲ್ಲ. ಆಂಟೆನಾದ ಬೆಸುಗೆಗಳಲ್ಲಿ ದೋಷವೇ? ಅವಕ್ಕೆಲ್ಲ ಅಲ್ಯೂಮಿನಿಯಂ ಪಟ್ಟಿ ಅಂಟಿಸಿದರು. ಒಳಗೆ ಪಾರಿವಾಳಗಳು ಗೂಡು ಕಟ್ಟಿದ್ದವು. ಅವುಗಳನ್ನು ಹೊರಗೆ ಹಾಕಿ, ಹಿಕ್ಕೆಯನ್ನು ಉಜ್ಜಿ ತೊಳೆದರು. ಸದ್ದು ನಿಲ್ಲಲಿಲ್ಲ. ಅದರ ತಾಪ ಸುಮಾರು 3.5 ಕೆಲ್ವಿನ್ ಎಂದು ಬಂತು.

ಅದೇ ರಾಜ್ಯದ ಪ್ರಿನ್ಸ್‌ಟನ್ನಿನಲ್ಲಿ ರಾಬರ್ಟ್ ಡಿಕೆ ಮತ್ತು ಸಂಗಡಿಗರು ಮಹಾಸ್ಫೋಟದ ಕಾವನ್ನು ಹುಡುಕಲೆಂದೇ ಉಪಕರಣ ಕಟ್ಟುತ್ತಿದ್ದರು. ಎರಡೂ ತಂಡಗಳು ಮಾತನಾಡಿದಾಗ ಒಗಟು ಬಿಡಿಸಿತು. 1965ರಲ್ಲಿ ಎರಡೂ ಲೇಖನಗಳು ಒಟ್ಟಿಗೆ ಪ್ರಕಟವಾದವು. ಪೆನ್ಜಿಯಾಸ್ ಮತ್ತು ವಿಲ್ಸನ್ನರಿಗೆ 1978ರಲ್ಲಿ ನೊಬೆಲ್ ಬಹುಮಾನ ಬಂತು. ಅವರು ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು ಎನ್ನುವವರಿದ್ದಾರೆ. ಆದರೆ ಸಣ್ಣ ಸದ್ದೊಂದನ್ನು ‘ಏನೋ ಇರಬೇಕು ಬಿಡು’ ಎಂದು ಕೈಬಿಡದೆ ತಿಂಗಳುಗಟ್ಟಲೆ ಬೆನ್ನಟ್ಟಿದ್ದು ಅವರ ನಿಜವಾದ ಸಾಧನೆ.

ವಿಶ್ವಕ್ಕೆ ಸುಮಾರು 3,80,000 ವರ್ಷವಾಗಿದ್ದಾಗ ಅದರ ತಾಪ 3000 ಕೆಲ್ವಿನ್ನಿಗೆ ಇಳಿದು ಪರಮಾಣುಗಳು ಕೂಡಿಕೊಂಡವು. ಮಂಜು ಸರಿದಂತೆ ವಿಶ್ವ ಪಾರದರ್ಶಕವಾಯಿತು. ಅಂದು ಹೊರಟ ಬೆಳಕು ದಾರಿಯುದ್ದಕ್ಕೂ ಹಿಗ್ಗಿ ಹಿಗ್ಗಿ, ಸುಮಾರು 1100 ಪಟ್ಟು ಉದ್ದದ ಅಲೆಯಾಗಿ, ಈಗ 2.7 ಕೆಲ್ವಿನ್ನಿನ ಹಿನ್ನೆಲೆ ವಿಕಿರಣವಾಗಿ ಬರುತ್ತಿದೆ. ಯಾವುದೇ ಘನ ಸೆಂಟಿಮೀಟರ್ ಜಾಗದಲ್ಲಿ ಆ ಬೆಳಕಿನ ಸುಮಾರು 400 ಕಣಗಳಿರುತ್ತವೆ. ಮನೆಯ ಮೇಲೆ ಆಂಟೆನಾ ಇದ್ದ ಕಾಲದ ಟಿ.ವಿ.ಯಲ್ಲಿ, ಕಾರ್ಯಕ್ರಮ ಮುಗಿದ ಮೇಲೆ ಪರದೆಯ ತುಂಬ ಸಾಸಿವೆ ಸಿಡಿದಂತೆ ಚುಕ್ಕೆಗಳು ಕುಣಿಯುತ್ತಿದ್ದವಲ್ಲ, ಅವುಗಳಲ್ಲಿ ಒಂದು ಅಲ್ಪ ಪಾಲು ಈ ವಿಕಿರಣದ್ದೇ. ಎಷ್ಟೋ ತಂದೆತಾಯಂದಿರು ಆದಿಯ ಬೆಳಕನ್ನು ಗೊತ್ತಿಲ್ಲದೆಯೇ ನೋಡಿ ಟಿ.ವಿ. ಆರಿಸಿ ಮಲಗಿದ್ದಾರೆ! ‘ನೋಡಿದವರು ಯಾರು?’ ಎಂಬ ಪ್ರಶ್ನೆಗೆ ಇದೂ ಒಂದು ಉತ್ತರ.

1989ರಲ್ಲಿ ಹಾರಿಸಿದ ಕೋಬೆ ಉಪಗ್ರಹ ಈ ವಿಕಿರಣವನ್ನು ಇನ್ನೂ ಸೂಕ್ಷ್ಮವಾಗಿ ಅಳೆಯಿತು. ಕಾದ ವಸ್ತುವಿನ ವಿಕಿರಣ ಹೇಗಿರಬೇಕೆಂದು ಸಿದ್ಧಾಂತ ಹೇಳುತ್ತದೆಯೋ ಹಾಗೆಯೇ ಅದು ಇತ್ತು. ಲಕ್ಷದಲ್ಲಿ ಒಂದು ಪಾಲಿನಷ್ಟು ಏರುಪೇರುಗಳು ಇರುವುದನ್ನೂ 1992ರಲ್ಲಿ ಪ್ರಕಟಿಸಿದರು. ಆ ಏರುಪೇರುಗಳೇ ಮುಂದೆ ಗೆಲಾಕ್ಸಿಗಳಾಗಿ ಬೆಳೆದ ಬೀಜಗಳು.

ಮೂರನೆಯ ಸಾಕ್ಷಿ: ಒಂದು ಲೋಟ ನೀರು

ವಿಶ್ವದಲ್ಲಿರುವ ಸಾಮಾನ್ಯ ದ್ರವ್ಯದ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಜಲಜನಕ, ಕಾಲು ಪಾಲು ಹೀಲಿಯಂ. ಉಳಿದದ್ದೆಲ್ಲ ಒಗ್ಗರಣೆಯಷ್ಟು. ನಮ್ಮ ಮೂಳೆಯ ಕ್ಯಾಲ್ಸಿಯಂ, ರಕ್ತದ ಕಬ್ಬಿಣ ಇವೆಲ್ಲ ನಕ್ಷತ್ರಗಳ ಒಡಲಲ್ಲಿ ಬೆಂದು ಬಂದವು. 1957ರಲ್ಲಿ ಇದನ್ನು ವಿವರವಾಗಿ ತೋರಿಸಿದ ನಾಲ್ವರಲ್ಲಿ ಹಾಯ್ಲ್ ಒಬ್ಬ. ಆದರೆ ಇಷ್ಟೊಂದು ಹೀಲಿಯಮನ್ನು ತಯಾರಿಸುವುದು ನಕ್ಷತ್ರಗಳಿಂದ ಆಗುವ ಕೆಲಸವಲ್ಲ. ವಿಶ್ವ ಹುಟ್ಟಿದ ಮೊದಲ ಕೆಲವೇ ನಿಮಿಷಗಳ ಬಿಸಿಯಲ್ಲಿ ಎಷ್ಟು ಹೀಲಿಯಂ ಆಗಬೇಕೆಂದು ಲೆಕ್ಕ ಹಾಕಿದರೆ, ಸರಿಯಾಗಿ ಕಾಲು ಪಾಲು! 1964ರಲ್ಲಿ ಈ ಒಗಟನ್ನು ಎತ್ತಿ ಹಿಡಿದು, ಬಿಸಿಯಾದ ಆರಂಭವೊಂದು ಇದನ್ನು ವಿವರಿಸಬಲ್ಲದು ಎಂದು ಲೆಕ್ಕಸಹಿತ ಬರೆದವರು ಹಾಯ್ಲ್ ಮತ್ತು ರೋಜರ್ ಟೇಲರ್. ಎದುರು ಪಕ್ಷದವನೇ ಸಾಕ್ಷಿ ಹೇಳಿದ ಹಾಗಾಯಿತು. ತನ್ನ ಸಿದ್ಧಾಂತಕ್ಕೆ ಪೆಟ್ಟು ಬೀಳುತ್ತದೆಂದು ತಿಳಿದೂ ಆ ಲೆಕ್ಕವನ್ನು ಹಾಯ್ಲ್ ಮುಚ್ಚಿಡಲಿಲ್ಲ.

ಒಂದು ಲೋಟ ನೀರಿನಲ್ಲಿರುವ ಜಲಜನಕವೂ ಆದಿಕಾಲದ್ದೇ. ಊಟಕ್ಕೆ ಕುಳಿತ ಮಗುವಿನ ಪಕ್ಕದಲ್ಲೇ 1380 ಕೋಟಿ ವರ್ಷ ಹಳೆಯ ಸಾಕ್ಷಿ ತಣ್ಣಗೆ ಕುಳಿತಿದೆ.

ನಂಬಿಕೆ ಬೇರೆ, ಸಾಕ್ಷ್ಯ ಬೇರೆ

ಲಮೇತ್ರ್ ಬರಿಯ ಗಣಿತಜ್ಞರಲ್ಲ, ಕ್ಯಾಥೊಲಿಕ್ ಪಾದ್ರಿಯೂ ಹೌದು. 1951ರಲ್ಲಿ ಹನ್ನೆರಡನೆಯ ಪೋಪ್ ಪಯಸ್, ಹೊಸ ಖಗೋಳ ವಿಜ್ಞಾನವು ಸೃಷ್ಟಿಕರ್ತನಿರುವುದಕ್ಕೆ ಆಧಾರ ಒದಗಿಸುತ್ತದೆ ಎಂಬ ಅರ್ಥದಲ್ಲಿ ಭಾಷಣ ಮಾಡಿದಾಗ ಇತರರಿಗಿಂತ ಹೆಚ್ಚು ಕಸಿವಿಸಿಗೊಂಡವರು ಲಮೇತ್ರ್. ತಮ್ಮ ಸಿದ್ಧಾಂತ ಧಾರ್ಮಿಕ ಪ್ರಶ್ನೆಗಳ ಹೊರಗೆ ನಿಲ್ಲುತ್ತದೆ ಎಂಬುದು ಅವರ ಖಚಿತ ನಿಲುವು. ಸಿದ್ಧಾಂತ ಗೆಲ್ಲಬೇಕಾದ್ದು ಅಳತೆಯಿಂದ, ಶಾಸ್ತ್ರವಾಕ್ಯದಿಂದಲ್ಲ. ಪುರಾಣದ ಸಾಲೊಂದನ್ನು ಹಿಡಿದು ‘ಇದೆಲ್ಲ ನಮ್ಮವರಿಗೆ ಮೊದಲೇ ಗೊತ್ತಿತ್ತು’ ಎನ್ನುವವರು ಈ ಪಾದ್ರಿಯ ಸಂಯಮವನ್ನು ಗಮನಿಸಬೇಕು. ಹಿನ್ನೆಲೆ ವಿಕಿರಣ ಸಿಕ್ಕ ಸುದ್ದಿ 1966ರಲ್ಲಿ, ಅವರು ಸಾಯುವುದಕ್ಕೆ ಸ್ವಲ್ಪ ಮುಂಚೆ, ಅವರ ಕಿವಿಗೆ ಬಿತ್ತು.

ಸಾಕ್ಷ್ಯವನ್ನು ಎಲ್ಲರೂ ಒಪ್ಪಲೇಬೇಕೆಂಬ ಬಲವಂತವೂ ವಿಜ್ಞಾನದಲ್ಲಿಲ್ಲ. ಹಾಯ್ಲ್ 2001ರಲ್ಲಿ ತೀರಿಕೊಳ್ಳುವವರೆಗೂ ಮಹಾಸ್ಫೋಟವನ್ನು ಒಪ್ಪಲಿಲ್ಲ. ಅವರ ಶಿಷ್ಯ, ಕೊಲ್ಹಾಪುರದಲ್ಲಿ ಹುಟ್ಟಿ ಪುಣೆಯಲ್ಲಿ ಅಯುಕಾ ಸಂಸ್ಥೆಯನ್ನು ಕಟ್ಟಿದ ಜಯಂತ ನಾರ್ಳೀಕರ್, 2025ರ ಮೇ ತಿಂಗಳಲ್ಲಿ ನಿಧನರಾಗುವವರೆಗೂ ಅದನ್ನು ಪ್ರಶ್ನಿಸುತ್ತಲೇ ಇದ್ದರು. ಸಾಕ್ಷ್ಯದ ತೂಕ ಅವರ ಕಡೆ ವಾಲಲಿಲ್ಲ. ಆದರೆ ಅಂಥ ಪ್ರಶ್ನೆಗಳೇ ಇನ್ನೊಂದು ಪಕ್ಷದವರನ್ನು ಇನ್ನಷ್ಟು ನಿಖರವಾಗಿ ಅಳೆಯುವಂತೆ ಮಾಡಿದವು.

ಶರಾವತಿಯ ಹಿನ್ನೀರಿನ ಮೇಲೆ

ಈ ಪಾಟಿ ಸವಾಲು ಮುಗಿದುಹೋದ ಕಥೆಯಲ್ಲ. ಅದರ ಒಂದು ಅಧ್ಯಾಯ ನಮ್ಮ ಕರ್ನಾಟಕದಲ್ಲೇ ನಡೆಯಿತು. ಹಿನ್ನೆಲೆ ವಿಕಿರಣ ಹೊರಟ ಮೇಲೆ ಬಹುಕಾಲ ವಿಶ್ವ ಕತ್ತಲಲ್ಲಿತ್ತು. ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಜಲಜನಕದ ಮೋಡಗಳು ಆ ವಿಕಿರಣದ ಮೇಲೆ ಒಂದು ಸಣ್ಣ ಗುರುತು ಮೂಡಿಸಿರಬೇಕು. 2018ರ ಮಾರ್ಚಿನಲ್ಲಿ ಅಮೆರಿಕದ ವಿಜ್ಞಾನಿಗಳ ತಂಡವೊಂದು, ಪಶ್ಚಿಮ ಆಸ್ಟ್ರೇಲಿಯದಲ್ಲಿ ನಿಲ್ಲಿಸಿದ್ದ ಎಡ್ಜಸ್ ಎಂಬ ರೇಡಿಯೊ ಉಪಕರಣದಲ್ಲಿ ಆ ಗುರುತು ಸಿಕ್ಕಿದೆ ಎಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಅದು ನಿರೀಕ್ಷೆಗಿಂತ ಎರಡರಷ್ಟು ಗಾಢವಾಗಿತ್ತು. ಇದಕ್ಕೆ ಹೊಸ ಭೌತಶಾಸ್ತ್ರವೇ ಬೇಕಾದೀತು ಎಂದು ಜಗತ್ತಿನಾದ್ಯಂತ ಚರ್ಚೆ ಎದ್ದಿತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಅದನ್ನು ಹಾಗೆಯೇ ಒಪ್ಪಲಿಲ್ಲ. ತಾವೇ ಕಟ್ಟಿದ ‘ಸರಸ್ 3’ ಎಂಬ ಉಪಕರಣವನ್ನು 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಗೂ ಶರಾವತಿಯ ಹಿನ್ನೀರಿಗೂ ಒಯ್ದು ನೀರಿನ ಮೇಲೆ ತೇಲಿಬಿಟ್ಟರು. ನೀರಿನ ಮೇಲೇಕೆ? ನೆಲದಡಿಯ ಮಣ್ಣು, ಕಲ್ಲಿನ ಪದರಗಳು ರೇಡಿಯೊ ಅಲೆಗಳನ್ನು ಒಂದೊಂದು ಬಗೆಯಲ್ಲಿ ಪ್ರತಿಫಲಿಸಿ ಅಳತೆ ಕೆಡಿಸುತ್ತವೆ. ನೀರು ಎಲ್ಲೆಡೆ ಒಂದೇ ತೆರ. ಎಫ್‌.ಎಂ. ರೇಡಿಯೊಗಳ ಗಲಾಟೆಯಿಂದ ದೂರವೂ ಇರಬೇಕು. ಅಳೆದು, ವಿಶ್ಲೇಷಿಸಿ, 2022ರ ಫೆಬ್ರುವರಿಯಲ್ಲಿ ಅವರು ಫಲಿತಾಂಶ ಪ್ರಕಟಿಸಿದರು: ಎಡ್ಜಸ್ ಹೇಳಿದ ಗುರುತು ತಮ್ಮ ಅಳತೆಯಲ್ಲಿ ಇಲ್ಲ, ಅದು ಆಕಾಶದಿಂದ ಬಂದದ್ದಲ್ಲ ಎಂದು ಶೇಕಡಾ 95ಕ್ಕೂ ಹೆಚ್ಚು ವಿಶ್ವಾಸದಿಂದ ಹೇಳಬಹುದು. ಇದರಿಂದ ಮಹಾಸ್ಫೋಟಕ್ಕೆ ಧಕ್ಕೆಯೇನೂ ಆಗಲಿಲ್ಲ. ಮೊದಲ ನಕ್ಷತ್ರಗಳ ಬಗ್ಗೆ ಅವಸರದ ತೀರ್ಮಾನವೊಂದು ತಪ್ಪಿತು.

ಇನ್ನೂ ಉತ್ತರ ಸಿಗದ ಪ್ರಶ್ನೆಗಳು ಸಾಲಾಗಿ ನಿಂತಿವೆ. ವಿಶ್ವದ ಹಿಗ್ಗುವಿಕೆ ನಿಧಾನವಾಗುತ್ತಿಲ್ಲ, ವೇಗ ಪಡೆಯುತ್ತಿದೆ ಎಂದು 1998ರಲ್ಲಿ ತಿಳಿದುಬಂತು. ಅದನ್ನು ತಳ್ಳುತ್ತಿರುವ ಶಕ್ತಿ ಯಾವುದೆಂದು ಯಾರಿಗೂ ಗೊತ್ತಿಲ್ಲ. ಹಿಗ್ಗುವ ವೇಗವನ್ನು ಹಿನ್ನೆಲೆ ವಿಕಿರಣದಿಂದ ಲೆಕ್ಕ ಹಾಕಿದರೆ ಸುಮಾರು 67, ಸೆಫೀಡ್ ಮತ್ತು ಸ್ಫೋಟಿಸುವ ನಕ್ಷತ್ರಗಳಿಂದ ಅಳೆದರೆ ಸುಮಾರು 73 ಬರುತ್ತದೆ. ಇಬ್ಬರು ಸಾಕ್ಷಿಗಳ ಮಾತಿನಲ್ಲಿ ಈ ಸಣ್ಣ ವ್ಯತ್ಯಾಸ ಏಕೆ? ಮೊತ್ತಮೊದಲ ಕ್ಷಣಕ್ಕೂ ಹಿಂದೆ ಏನಿತ್ತು ಎಂದು ಕೇಳಿದರೆ ಈಗಿರುವ ಸಮೀಕರಣಗಳು ಬಾಯಿ ಕಟ್ಟಿದಂತೆ ನಿಲ್ಲುತ್ತವೆ.

ಈ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದವರು ಇಂದು ಯಾವುದೋ ಊರಿನ ಶಾಲೆಯಲ್ಲಿ ಬೆಂಚಿನ ಮೇಲೆ ಕುಳಿತಿರಬಹುದು. ಅವರಿಗೆ ದುಬಾರಿ ದೂರದರ್ಶಕ ಕೊಡಿಸಬೇಕಾಗಿಲ್ಲ. ಕರೆಂಟು ಹೋದ ರಾತ್ರಿ ಮಾಳಿಗೆಯ ಮೇಲೆ ಕರೆದುಕೊಂಡು ಹೋಗಿ ಆಕಾಶ ತೋರಿಸಿದರೆ ಸಾಕು. ‘ಇದು ಹೇಗೆ ಗೊತ್ತಾಯಿತು?’ ಎಂದು ಮಗು ಕೇಳಿದಾಗ, ಉತ್ತರ ಗೊತ್ತಿಲ್ಲದಿದ್ದರೆ ‘ಬಾ, ಹುಡುಕೋಣ’ ಎನ್ನಿ. ಆ ಮಾತು ಯಾವ ಪ್ರಶ್ನೆಪತ್ರಿಕೆಯಲ್ಲೂ ಬರುವುದಿಲ್ಲ ನಿಜ. ಆದರೆ ಲೆವಿಟ್ ಅವರಿಂದ ಹಿಡಿದು ಶರಾವತಿಯ ಹಿನ್ನೀರಿನಲ್ಲಿ ಉಪಕರಣ ತೇಲಿಬಿಟ್ಟವರ ತನಕ ಎಲ್ಲರೂ ಬರೆದದ್ದು ಅದೇ ಪ್ರಶ್ನೆಯ ಉತ್ತರ.